ಅಮೆರಿಕದ ಉಚಿತ ಪ್ರೀ-ಕೆ: ಹಣ ಎಲ್ಲಿಂದ ಬರುತ್ತದೆ?

ಓದುಗರ ಪ್ರಶ್ನೆ: ಅಮೆರಿಕದ ಕೆಲವು ರಾಜ್ಯಗಳಲ್ಲಿ ನಾಲ್ಕು ವರ್ಷದ ಮಕ್ಕಳಿಗೆಲ್ಲ, ತಂದೆ-ತಾಯಿಯ ಆದಾಯ ಕೇಳದೆ, ಪ್ರೀ-ಕೆ (ಕಿಂಡರ್‌ಗಾರ್ಟನ್‌ಗೆ ಹಿಂದಿನ ವರ್ಷದ ತರಗತಿ) ಉಚಿತವಾಗಿದೆ ಎಂದು ಓದಿದ್ದೇನೆ. ಇದಕ್ಕೆ ಹಣ ಕೊಡುವವರು ಯಾರು? ಈ ವರ್ಷ ಅಕ್ಕನಿಗೆ ಸಿಕ್ಕ ಸೀಟು ಎರಡು ವರ್ಷದ ನಂತರ ತಮ್ಮನಿಗೂ ಸಿಗುತ್ತದೆಂದು ನಂಬಬಹುದೇ?

ಉತ್ತರ: ಇಡೀ ದೇಶಕ್ಕೆ ಅನ್ವಯಿಸುವ ಒಂದೇ ಉತ್ತರ ಇದಕ್ಕಿಲ್ಲ. ಅಮೆರಿಕದಲ್ಲಿ ಐದನೆಯ ವಯಸ್ಸಿನ ಕಿಂಡರ್‌ಗಾರ್ಟನ್ ಸಾರ್ವಜನಿಕ ಶಾಲೆಯ ಭಾಗವೇ ಆಗಿದೆ. ಅದಕ್ಕಿಂತ ಹಿಂದಿನ ವರ್ಷ ಮಾತ್ರ ಬಹುಕಾಲ ಯಾರ ಹೊಣೆಯೂ ಅಲ್ಲದೆ ಉಳಿಯಿತು. ಕೇಂದ್ರ ಸರ್ಕಾರ 1965ರಲ್ಲಿ ಆರಂಭಿಸಿದ ಹೆಡ್ ಸ್ಟಾರ್ಟ್ ಯೋಜನೆ ಮುಖ್ಯವಾಗಿ ಬಡ ಕುಟುಂಬಗಳ ಮಕ್ಕಳಿಗೆ ಮೀಸಲು. ಅದರ ವೆಚ್ಚದಲ್ಲಿ ಸಾಮಾನ್ಯವಾಗಿ ಶೇಕಡ 80ರಷ್ಟನ್ನು ಕೇಂದ್ರವೂ ಉಳಿದದ್ದನ್ನು ಸ್ಥಳೀಯ ಮೂಲಗಳೂ ಭರಿಸುತ್ತವೆ. ಮೂರು ಮತ್ತು ನಾಲ್ಕು ವರ್ಷದ ಎಲ್ಲ ಮಕ್ಕಳಿಗೂ ಪ್ರೀ-ಕೆ ಒದಗಿಸುವ ಪ್ರಸ್ತಾವವೊಂದು 2021ರ ನವೆಂಬರ್‌ನಲ್ಲಿ ಪ್ರತಿನಿಧಿಗಳ ಸಭೆಯಲ್ಲಿ ಅಂಗೀಕಾರವಾಯಿತಾದರೂ ಸೆನೆಟ್‌ನಲ್ಲಿ ಮುಂದೆ ಸಾಗಲಿಲ್ಲ. ಹೀಗಾಗಿ ಒಂದೊಂದು ರಾಜ್ಯವೂ, ಎಷ್ಟೋ ಕಡೆ ಒಂದೊಂದು ನಗರವೂ, ತನ್ನ ಬಾವಿಯನ್ನು ತಾನೇ ತೋಡಿಕೊಂಡಿದೆ. ಸೀಟಿನ ಭರವಸೆ ಎಷ್ಟೆಂಬುದು ಆ ಬಾವಿಯ ಸೆಲೆ ಯಾವುದೆಂಬುದನ್ನು ಅವಲಂಬಿಸಿರುತ್ತದೆ.

ಈ ವಿಷಯದಲ್ಲಿ ನನಗೆ ಅತ್ಯಂತ ಭದ್ರವಾಗಿ ಕಾಣುವುದು ಒಕ್ಲಹೋಮದ ವ್ಯವಸ್ಥೆ. ತೊಂಬತ್ತರ ದಶಕದಲ್ಲಿ ಅಲ್ಲಿನ ಕೆಲವು ಗ್ರಾಮೀಣ ಶಾಲಾ ಜಿಲ್ಲೆಗಳು (ಒಂದು ಪ್ರದೇಶದ ಸಾರ್ವಜನಿಕ ಶಾಲೆಗಳನ್ನು ನಡೆಸುವ ಸ್ಥಳೀಯ ಆಡಳಿತಗಳು), ಮಕ್ಕಳ ಸಂಖ್ಯೆ ಇಳಿಯುತ್ತಿದ್ದಾಗ, ನಾಲ್ಕು ವರ್ಷದವರನ್ನೇ ಕಿಂಡರ್‌ಗಾರ್ಟನ್‌ನಲ್ಲಿ ಕೂರಿಸಿ ರಾಜ್ಯದ ಅನುದಾನ ಪಡೆಯುತ್ತಿದ್ದವು. 1998ರ ಕಾನೂನು ಈ ದಾರಿಯನ್ನು ಮುಚ್ಚಿ, ಅದರ ಬದಲಿಗೆ ನಾಲ್ಕು ವರ್ಷದ ಪ್ರತಿ ಮಗುವನ್ನೂ ರಾಜ್ಯದ ಶಾಲಾ ಅನುದಾನದ ಲೆಕ್ಕಾಚಾರದೊಳಗೇ ಸೇರಿಸಿತು. ಅಂದರೆ ಮೂರನೆಯ ತರಗತಿಯ ಮಗುವಿಗೆ ಹಣ ಬರುವ ದಾರಿಯಲ್ಲೇ ಪ್ರೀ-ಕೆ ಮಗುವಿಗೂ ಬರುತ್ತದೆ. ಮಕ್ಕಳು ಹೆಚ್ಚಾದರೆ ಅನುದಾನವೂ ಹೆಚ್ಚುತ್ತದೆ. ತರಗತಿಗೆ 20 ಮಕ್ಕಳ ಮಿತಿಯಿದೆ, ಹತ್ತು ಮಕ್ಕಳಿಗೆ ಒಬ್ಬ ವಯಸ್ಕರಿರಬೇಕು, ಶಿಕ್ಷಕರಿಗೆ ಪದವಿಯ ಜೊತೆಗೆ ಶಿಶುಶಿಕ್ಷಣದ ಅರ್ಹತಾಪತ್ರವಿರಬೇಕು, ಮತ್ತು ಸಂಬಳ ಇತರ ಶಾಲಾ ಶಿಕ್ಷಕರ ಸಮಕ್ಕಿರಬೇಕು. ಒಕ್ಲಹೋಮ ಶ್ರೀಮಂತ ರಾಜ್ಯವೇನಲ್ಲ. ಶಾಲೆಗಳಿಗೆ ಅದು ಕೊಡುವ ಹಣ ಕಡಿಮೆಯೆಂದೇ 2018ರ ಏಪ್ರಿಲ್‌ನಲ್ಲಿ ಶಿಕ್ಷಕರು ತರಗತಿ ಬಿಟ್ಟು ರಾಜಧಾನಿಗೆ ನಡೆದಿದ್ದರು. ಆದರೆ ಅಲ್ಲಿ ಕೊರತೆ ಬಂದಾಗ ಎಲ್ಲ ತರಗತಿಗಳಿಗೂ ಒಟ್ಟಿಗೇ ಬರುತ್ತದೆ, ಪ್ರತಿಭಟನೆಯೂ ಒಟ್ಟಿಗೇ ಏಳುತ್ತದೆ. ಪುಟ್ಟ ಮಕ್ಕಳ ಪಾಲನ್ನಷ್ಟೇ ಸದ್ದಿಲ್ಲದೆ ಕತ್ತರಿಸುವುದು ಸುಲಭವಾಗುವುದಿಲ್ಲ.

ಜಾರ್ಜಿಯಾ ಬೇರೆಯೇ ದಾರಿ ಹಿಡಿಯಿತು. ರಾಜ್ಯಪಾಲ ಜೆಲ್ ಮಿಲ್ಲರ್ ಅವರ ಒತ್ತಾಸೆಯಿಂದ 1992ರಲ್ಲಿ ಮತದಾರರು ರಾಜ್ಯ ಲಾಟರಿಗೆ ಒಪ್ಪಿಗೆ ಕೊಟ್ಟರು. ಅದರ ಆದಾಯವನ್ನು ಪ್ರೀ-ಕೆಗೂ ಕಾಲೇಜು ವಿದ್ಯಾರ್ಥಿಗಳ ಹೋಪ್ ವಿದ್ಯಾರ್ಥಿವೇತನಕ್ಕೂ ಮೀಸಲಿಟ್ಟರು. 1995ರಲ್ಲಿ ಆದಾಯದ ಮಿತಿ ತೆಗೆದು ನಾಲ್ಕು ವರ್ಷದ ಎಲ್ಲ ಮಕ್ಕಳಿಗೂ ಬಾಗಿಲು ತೆರೆದ ಮೊದಲ ರಾಜ್ಯ ಅದೇ. ಹದಿನೈದು ವರ್ಷ ಎಲ್ಲವೂ ಚೆನ್ನಾಗಿಯೇ ನಡೆಯಿತು. ಆದರೆ ಎರಡು ಯೋಜನೆಗಳ ಖರ್ಚು ಲಾಟರಿಯ ಆದಾಯಕ್ಕಿಂತ ವೇಗವಾಗಿ ಬೆಳೆದಾಗ, 2011ರಲ್ಲಿ ಪ್ರೀ-ಕೆ ದಿನಗಳನ್ನು 180ರಿಂದ 160ಕ್ಕೆ ಇಳಿಸಿ, ತರಗತಿಯ ಮಕ್ಕಳ ಸಂಖ್ಯೆಯನ್ನು 20ರಿಂದ 22ಕ್ಕೆ ಏರಿಸಬೇಕಾಯಿತು. ದಿನಗಳು ಕಡಿಮೆಯಾದಂತೆ ಶಿಕ್ಷಕರ ಸಂಬಳವೂ ಕಡಿಮೆಯಾಯಿತು. ಅದೇ ಕಟ್ಟಡದ ಒಂದನೆಯ ತರಗತಿಗೆ ಈ ಕಾರಣಕ್ಕಾಗಿ ಒಂದು ದಿನವೂ ಕಡಿತವಾಗಲಿಲ್ಲ, ಏಕೆಂದರೆ ಅದರ ಹಣ ಲಾಟರಿಯ ಚೀಟಿಯಿಂದ ಬರುತ್ತಿರಲಿಲ್ಲ. ಪ್ರೀ-ಕೆ ಮಕ್ಕಳ ದಿನಗಳು ಮುಂದೆ 180ಕ್ಕೆ ಮರಳಿದವು, ನಿಜ. ಆದರೆ ನಾಲ್ಕನೆಯ ವಯಸ್ಸು ಮರಳಿ ಬರುವಂಥದ್ದಲ್ಲ.

ಫಿಲಡೆಲ್ಫಿಯಾ ನಗರ 2017ರ ಜನವರಿಯಿಂದ ಸಿಹಿ ಪಾನೀಯಗಳ ಮೇಲೆ ಔನ್ಸಿಗೆ 1.5 ಸೆಂಟ್ ತೆರಿಗೆ ಹಾಕಿ, ಆ ಹಣದ ದೊಡ್ಡ ಪಾಲನ್ನು ಪ್ರೀ-ಕೆಗೆ ಇಟ್ಟಿತು. ಇಲ್ಲಿನ ತೊಡಕು ತೆರಿಗೆಯ ಸ್ವಭಾವದಲ್ಲೇ ಇದೆ: ಜನ ಸೋಡಾ ಕುಡಿಯುವುದನ್ನು ಬಿಟ್ಟರೆ ಆರೋಗ್ಯಕ್ಕೆ ಒಳ್ಳೆಯದು, ಆದರೆ ಬಿಟ್ಟಷ್ಟೂ ಮಕ್ಕಳ ಹಣ ಕರಗುತ್ತದೆ. ಮೊದಲ ವರ್ಷದ ಆದಾಯವೇ ಅಂದಾಜಿಗಿಂತ ಕಡಿಮೆಯಾಯಿತು. ಜೊತೆಗೆ ತೆರಿಗೆಯ ವಿರುದ್ಧದ ಮೊಕದ್ದಮೆ 2018ರ ಜುಲೈವರೆಗೆ ನಡೆಯಿತು. ನ್ಯಾಯಾಲಯ ತೆರಿಗೆಯನ್ನು ಎತ್ತಿಹಿಡಿದರೂ ನಗರಾಡಳಿತ 6,500 ಸೀಟುಗಳ ಗುರಿಯನ್ನು 5,500ಕ್ಕೆ ಇಳಿಸಿಕೊಂಡಿತ್ತು.

ನ್ಯೂಯಾರ್ಕ್ ನಗರದ ಮೇಯರ್ ಬಿಲ್ ಡಿ ಬ್ಲಾಸಿಯೊ 2014ರಲ್ಲಿ ವರ್ಷಕ್ಕೆ 5 ಲಕ್ಷ ಡಾಲರಿಗಿಂತ ಹೆಚ್ಚು ಗಳಿಸುವವರ ಮೇಲೆ ಐದು ವರ್ಷ ಹೆಚ್ಚುವರಿ ಆದಾಯ ತೆರಿಗೆ ಹಾಕಬೇಕೆಂದು ಪಟ್ಟು ಹಿಡಿದರು. ರಾಜ್ಯಪಾಲ ಆಂಡ್ರ್ಯೂ ಕ್ಯೂಮೊ ಅದಕ್ಕೆ ಒಪ್ಪದಿದ್ದರೂ ರಾಜ್ಯದ ಬಜೆಟ್‌ನಿಂದ ವರ್ಷಕ್ಕೆ 30 ಕೋಟಿ ಡಾಲರ್ ಕೊಟ್ಟರು. ಹಣ ಒಂದೇ ಅಲ್ಲವೇ ಎನ್ನಿಸಬಹುದು. ಆದರೆ ಮೀಸಲು ತೆರಿಗೆಯಾಗಿದ್ದರೆ ಅದು ನಗರದ ಕೈಯಲ್ಲಿರುತ್ತಿತ್ತು, ಈಗ ಅದು ಪ್ರತಿ ವರ್ಷ ರಾಜ್ಯದ ಬಜೆಟ್ ಮಾತುಕತೆಯ ಕೈಯಲ್ಲಿದೆ. ಮುಂದೆ ಮೂರು ವರ್ಷದ ಮಕ್ಕಳಿಗೂ ಯೋಜನೆಯನ್ನು ವಿಸ್ತರಿಸಿದಾಗ, ಆ ವಿಸ್ತರಣೆಯ ದೊಡ್ಡ ಭಾಗಕ್ಕೆ ಕೋವಿಡ್ ಕಾಲದಲ್ಲಿ ಕೇಂದ್ರ ಕೊಟ್ಟ ತಾತ್ಕಾಲಿಕ ನೆರವನ್ನು ಬಳಸಲಾಯಿತು. ಆ ನೆರವು ಮುಗಿಯುತ್ತ ಬಂದಂತೆ ಆ ಸೀಟುಗಳು ಉಳಿಯುವವೋ ಇಲ್ಲವೋ ಎಂಬ ಜಗಳ ಹೆತ್ತವರ ತಲೆಯ ಮೇಲೆ ಬಂತು. ಒಮ್ಮೆ ಮಾತ್ರ ಬರುವ ಹಣದಿಂದ ಪ್ರತಿ ವರ್ಷ ತೆರೆಯಬೇಕಾದ ತರಗತಿಯನ್ನು ಆರಂಭಿಸುವುದು, ನನ್ನ ಅಭಿಪ್ರಾಯದಲ್ಲಿ, ಹೆತ್ತವರಿಗೆ ಕೊಟ್ಟ ಮಾತನ್ನು ಮೊದಲ ದಿನವೇ ಸಡಿಲಗೊಳಿಸಿದಂತೆ.

ಬೇರೆ ದಾರಿಗಳೂ ಇವೆ. ನ್ಯೂ ಮೆಕ್ಸಿಕೊದ ಮತದಾರರು 2022ರಲ್ಲಿ ಸಂವಿಧಾನ ತಿದ್ದುಪಡಿಗೆ ಒಪ್ಪಿ, ಬಹುಪಾಲು ತೈಲ ಮತ್ತು ಅನಿಲದ ಆದಾಯದಿಂದ ಬೆಳೆದ ರಾಜ್ಯದ ಶಾಶ್ವತ ನಿಧಿಯಿಂದ ಶಿಶುಶಿಕ್ಷಣಕ್ಕೆ ಹೆಚ್ಚುವರಿ ಪಾಲು ತೆಗೆದಿಟ್ಟರು. ಫ್ಲೋರಿಡಾದಲ್ಲಿ 2002ರಲ್ಲೇ ಮತದಾರರು ಪ್ರೀ-ಕೆಯನ್ನು ಸಂವಿಧಾನಕ್ಕೆ ಸೇರಿಸಿದ್ದಾರೆ. ಸಂವಿಧಾನದಲ್ಲಿದ್ದ ಮೇಲೆ ಸೀಟು ಭದ್ರವೇ ಸರಿ. ಆದರೆ ಪ್ರತಿ ಮಗುವಿಗೆ ಅಲ್ಲಿ ರಾಜ್ಯ ಖರ್ಚು ಮಾಡುವ ಮೊತ್ತ ದೇಶದಲ್ಲೇ ಕಡಿಮೆಯವುಗಳ ಸಾಲಿನಲ್ಲಿದೆ.

ಶ್ರೀಮಂತರ ಮಕ್ಕಳಿಗೂ ಸಾರ್ವಜನಿಕ ಹಣವೇಕೆ ಎಂದು ನಿಮ್ಮ ಪ್ರಶ್ನೆಯ ಹಿಂದೆಯೇ ಹಲವರು ಕೇಳುತ್ತಾರೆ. ಕಿಂಡರ್‌ಗಾರ್ಟನ್‌ಗೆ ಸೇರುವ ಮಗುವಿನ ಮನೆಯ ಆದಾಯವನ್ನು ಯಾರೂ ಕೇಳುವುದಿಲ್ಲ. ಒಂದು ವರ್ಷ ಮೊದಲು ಕೇಳುವುದಕ್ಕೆ ಗಟ್ಟಿಯಾದ ಕಾರಣ ನನಗೆ ಕಂಡಿಲ್ಲ. ಒಕ್ಲಹೋಮದ ಟಲ್ಸಾ ನಗರದ ಪ್ರೀ-ಕೆ ಮಕ್ಕಳನ್ನು ಪರೀಕ್ಷಿಸಿದ ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ಸಂಶೋಧಕರು ಬಡ ಮಕ್ಕಳ ಜೊತೆಗೆ ಮಧ್ಯಮ ವರ್ಗದ ಮಕ್ಕಳ ಕಲಿಕೆಯಲ್ಲೂ ಏರಿಕೆ ಕಂಡರು. ಅದಕ್ಕಿಂತ ಮುಖ್ಯವಾಗಿ, ಆದಾಯದ ಗೆರೆ ಎಳೆದಲ್ಲೆಲ್ಲ ಗೆರೆಗಿಂತ ಸ್ವಲ್ಪವೇ ಮೇಲಿರುವ ಕುಟುಂಬ ಖಾಸಗಿ ಶುಲ್ಕವನ್ನೂ ಕಟ್ಟಲಾರದೆ, ಸರ್ಕಾರಿ ಸೀಟನ್ನೂ ಪಡೆಯಲಾರದೆ ನಡುವೆ ಸಿಕ್ಕಿಬೀಳುತ್ತದೆ.

ಹಾಗೆಂದು ಹಣ ಬಂದ ಮಾತ್ರಕ್ಕೆ ಎಲ್ಲವೂ ಸರಿಹೋಗದು. ಬಾಸ್ಟನ್‌ನಲ್ಲಿ ಚೀಟಿ ಎತ್ತಿ ಸೀಟು ಹಂಚಿದ್ದ ವರ್ಷಗಳ ಮಕ್ಕಳನ್ನು ಹಿಂಬಾಲಿಸಿದ ಅಧ್ಯಯನ, ಸೀಟು ಪಡೆದವರು ಕಾಲೇಜು ಸೇರುವ ಪ್ರಮಾಣ ಗಣನೀಯವಾಗಿ ಹೆಚ್ಚಿದ್ದನ್ನು 2021ರಲ್ಲಿ ತೋರಿಸಿತು. ಬಡ ಮಕ್ಕಳಿಗಾಗಿ ಟೆನೆಸ್ಸಿ ರಾಜ್ಯ ನಡೆಸಿದ ಪ್ರೀ-ಕೆಯ ಅಧ್ಯಯನವಾದರೋ, ಅಲ್ಲಿ ಕಲಿತವರು ಆರನೆಯ ತರಗತಿಯ ಹೊತ್ತಿಗೆ ಸೀಟು ಸಿಗದವರಿಗಿಂತ ಹಿಂದುಳಿದಿದ್ದರೆಂದು 2022ರಲ್ಲಿ ವರದಿ ಮಾಡಿತು. ಹಣದ ಲೆಕ್ಕದಲ್ಲಿ ಇನ್ನೊಂದು ಸೂಕ್ಷ್ಮವೂ ಇದೆ. ಖಾಸಗಿ ಶಿಶುಪಾಲನಾ ಕೇಂದ್ರದಲ್ಲಿ ಒಬ್ಬ ಶಿಕ್ಷಕಿ ನಾಲ್ಕು ವರ್ಷದ ಹತ್ತು ಮಕ್ಕಳನ್ನು ನೋಡಿಕೊಳ್ಳಬಹುದಾದರೂ, ಎಳೆಗೂಸುಗಳಾದರೆ ಸುಮಾರು ನಾಲ್ಕನ್ನು ಮಾತ್ರ ನೋಡಿಕೊಳ್ಳಬಹುದು. ದೊಡ್ಡ ಮಕ್ಕಳ ಶುಲ್ಕದಿಂದ ಕೂಸುಗಳ ಖರ್ಚು ಸರಿದೂಗುತ್ತಿರುತ್ತದೆ. ನಾಲ್ಕು ವರ್ಷದವರೆಲ್ಲ ಉಚಿತವಾಗಿ ಶಾಲೆಗೆ ಹೋದರೆ ಈ ತೂಕ ತಪ್ಪಿ, ಕೂಸುಗಳ ಶುಲ್ಕ ಏರುತ್ತದೆ. ಆದ್ದರಿಂದಲೇ ಹಲವು ರಾಜ್ಯಗಳು ಪ್ರೀ-ಕೆ ಹಣದ ಒಂದು ಪಾಲನ್ನು ಇಂಥ ಕೇಂದ್ರಗಳಿಗೇ ಕೊಟ್ಟು ತರಗತಿ ನಡೆಸುತ್ತವೆ.

ಇನ್ನು ತಮ್ಮನ ಸೀಟಿನ ಮಾತು. ನಿಮ್ಮ ಶಾಲಾ ಜಿಲ್ಲೆಯ ಬಜೆಟ್ ಸಭೆ ಸಾರ್ವಜನಿಕರಿಗೆ ತೆರೆದಿರುತ್ತದೆ. ಅಲ್ಲಿ ಪ್ರೀ-ಕೆಯ ಹಣ ಶಾಲೆಯ ಸಾಮಾನ್ಯ ಅನುದಾನದೊಳಗಿದೆಯೇ, ಅವಧಿ ನಿಗದಿಯಾದ ತೆರಿಗೆಯಿಂದ ಬರುತ್ತದೆಯೇ, ಅಥವಾ ಆ ವರ್ಷದ ಮಟ್ಟಿಗಿನ ನೆರವೇ ಎಂದು ಕೇಳಿ. ಮೊದಲನೆಯದಾದರೆ ನೀವು ನಿಶ್ಚಿಂತೆಯಿಂದ ಇರಬಹುದು. ಎರಡನೆಯದಾದರೆ ಆ ತೆರಿಗೆ ಮತ್ತೆ ಮತಕ್ಕೆ ಬರುವ ವರ್ಷ ಯಾವುದೆಂದು ತಿಳಿದಿಟ್ಟುಕೊಳ್ಳಿ. ಮೂರನೆಯದಾದರೆ, ತಮ್ಮನ ಹೆಸರು ನೋಂದಾಯಿಸುವ ಹೊತ್ತು ಬರುವವರೆಗೆ ಕಾಯದೆ, ಅದೇ ಸಭೆಯಲ್ಲಿ ಎದ್ದು ನಿಂತು ಮಾತನಾಡಿ.