97ಕ್ಕೆ ನಿಲ್ಲಿಸಬೇಡಿ

ಗಣಿತದ ಮೇಷ್ಟ್ರು ಎಂದು ಗೊತ್ತಾದರೆ ಸಾಕು, ಯಾರಾದರೊಬ್ಬರು ಉದ್ದನೆಯ ಸಂಖ್ಯೆಯೊಂದನ್ನು ಕಳಿಸುತ್ತಾರೆ: ‘ಸಾರ್, ಇದು ಅವಿಭಾಜ್ಯ. ಎಲ್ಲದರಿಂದಲೂ ಭಾಗಿಸಿ ನೋಡಿದ್ದೀನಿ.’ ಎಲ್ಲಿಯವರೆಗೆ ಎಂದು ಕೇಳಿದರೆ 31 ಅನ್ನುತ್ತಾರೆ. ಪಟ್ಟು ಹಿಡಿದವರಾದರೆ 97.

ಇಂಥವರಿಗೆ ನಾನು ಕೊಡುವುದು ಒಂದೇ ಸಂಖ್ಯೆ: 4294967297. ಎರಡರ 32ನೇ ಘಾತಕ್ಕೆ ಒಂದು ಕೂಡಿಸಿದರೆ ಬರುವಂಥದ್ದು. ಇದೇ ಜಾತಿಯ, ಅಂದರೆ ಎರಡರ 1, 2, 4, 8, 16ನೇ ಘಾತಗಳಿಗೆ ಒಂದು ಕೂಡಿಸಿದರೆ ಬರುವ 3, 5, 17, 257, 65537 ಐದೂ ಅವಿಭಾಜ್ಯ. ಹಾಗಾಗಿ ಮುಂದಿನವೂ ಅಷ್ಟೇ ಎಂದು 17ನೇ ಶತಮಾನದಲ್ಲಿ ಫ್ರೆಂಚ್ ಗಣಿತಜ್ಞ ಫರ್ಮಾ ನಂಬಿದ್ದ. 1732ರಲ್ಲಿ ಸ್ವಿಸ್ ಗಣಿತಜ್ಞ ಆಯ್ಲರ್ ಆರನೆಯದನ್ನು ಒಡೆದು ತೋರಿಸಿದ: 641 × 6700417.

ಪರಿಚಯದ ನಿವೃತ್ತ ಬ್ಯಾಂಕ್ ಗುಮಾಸ್ತರೊಬ್ಬರಿಗೆ ಉತ್ತರ ಹೇಳದೆ ಇದನ್ನು ಕೊಟ್ಟಿದ್ದೆ. ಕ್ಯಾಲ್ಕುಲೇಟರ್ ಮುಟ್ಟದ ಮನುಷ್ಯ. ಗೆರೆ ಹಾಕಿದ ಪುಸ್ತಕದಲ್ಲಿ ಭಾಗಾಕಾರವೆಲ್ಲ ನೀಲಿ ಶಾಯಿ, ಶೇಷ ಮಾತ್ರ ಕೆಂಪು: 7ಕ್ಕೆ 5, 13ಕ್ಕೆ 10, ಕೊನೆಗೆ 97ಕ್ಕೆ 36. ಒಂದೂ ತಪ್ಪಿಲ್ಲ. ಕೆಳಗೆ ದಪ್ಪಕ್ಷರದಲ್ಲಿ ‘ಅವಿಭಾಜ್ಯ’ ಎಂದು ಬರೆದು ಎರಡು ಗೆರೆ ಎಳೆದಿದ್ದರು. ಆ ಕೈಬರಹ ನೋಡಿದ ಮೇಲೆ ಬೈಯಲು ಮನಸ್ಸೇ ಬರಲಿಲ್ಲ.

ಆದರೂ ಹೇಳಲೇಬೇಕು. ಸಂಖ್ಯೆ ಒಡೆಯುವುದಾದರೆ ಅದು ಎರಡು ಅಪವರ್ತನಗಳ ಗುಣಲಬ್ಧ. ಎರಡೂ ಅದರ ವರ್ಗಮೂಲಕ್ಕಿಂತ ದೊಡ್ಡವಾದರೆ ಗುಣಲಬ್ಧ ಸಂಖ್ಯೆಯನ್ನೇ ಮೀರಿಬಿಡುತ್ತದೆ. ಅಂದಮೇಲೆ ಚಿಕ್ಕದು ವರ್ಗಮೂಲವನ್ನು ದಾಟುವಂತಿಲ್ಲ. ಅದಕ್ಕೇ ವರ್ಗಮೂಲದ ಆಚೆ ಹುಡುಕುವ ಅಗತ್ಯವಿಲ್ಲ, ಅದಕ್ಕೇ ಈಚೆ ನಿಲ್ಲಿಸುವ ಹಕ್ಕೂ ಇಲ್ಲ. ಜನ ಮೊದಲರ್ಧ ನೆನಪಿಟ್ಟುಕೊಂಡು ಎರಡನೆಯದನ್ನು ಮರೆಯುತ್ತಾರೆ. ಇಲ್ಲಿ ವರ್ಗಮೂಲ 65536ಕ್ಕಿಂತ ಕೂದಲೆಳೆಯಷ್ಟು ಹೆಚ್ಚು. ಅಷ್ಟರೊಳಗೆ 6542 ಅವಿಭಾಜ್ಯಗಳಿವೆ. 97ಕ್ಕೆ ನಿಂತವರು ನೋಡಿರುವುದು 25. ಈ ಸಂಖ್ಯೆ ಮೊದಲ 115 ಅವಿಭಾಜ್ಯಗಳಿಗೂ ಜಗ್ಗದೆ 116ನೆಯದಕ್ಕೆ, ಅಂದರೆ 641ಕ್ಕೆ, ಶೇಷವಿಲ್ಲದೆ ಸಿಕ್ಕಿಬೀಳುತ್ತದೆ.

ಅಷ್ಟು ಭಾಗಾಕಾರ ಯಾರು ಮಾಡುತ್ತಾರೆ ಎನ್ನುವವರಿಗೆ ಅಡ್ಡದಾರಿಯಿದೆ. ಇದರ ಯಾವುದೇ ಅವಿಭಾಜ್ಯ ಅಪವರ್ತನವನ್ನು 64ರಿಂದ ಭಾಗಿಸಿದರೆ ಶೇಷ 1 ಬರಲೇಬೇಕು. ಈ ಜರಡಿ ಹಿಡಿದರೆ 193, 257, 449, 577, ಆಮೇಲೆ 641. ಐದನೆಯ ಭಾಗಾಕಾರಕ್ಕೇ ಕೆಲಸ ಮುಗಿಯಿತು. ಗುಮಾಸ್ತರಿಗೆ ಇದನ್ನು ತೋರಿಸಿದಾಗ ‘ಮೊದಲೇ ಹೇಳಬಾರದಿತ್ತೇ?’ ಎಂದು ಮುನಿಸಿಕೊಂಡರು.

ಕಂಪ್ಯೂಟರ್ ಇದೆಯಲ್ಲ ಎನ್ನುವವರೂ ಸ್ವಲ್ಪ ತಾಳಿ. ನೋಡಬೇಕಾದ ಸಂಖ್ಯೆಯನ್ನು N ಎಂದಿಟ್ಟುಕೊಂಡು, ಎರಡರ N−1ನೇ ಘಾತವನ್ನು N‌ನಿಂದ ಭಾಗಿಸಿದಾಗ ಶೇಷ 1 ಬಂದರೆ N ಅವಿಭಾಜ್ಯವಿರಬಹುದು ಎನ್ನುವ ಪರೀಕ್ಷೆಯೊಂದಿದೆ. ನಮ್ಮ 4294967297 ಅದರಲ್ಲಿ ಸಲೀಸಾಗಿ ಪಾಸು! ಎರಡರ ಬದಲು ಮೂರನ್ನು ಹಿಡಿದರೆ ಮಾತ್ರ ಫೇಲು. ಪರೀಕ್ಷೆ ಕೆಲಸಕ್ಕೆ ಬಾರದ್ದು ಎನ್ನುತ್ತಿಲ್ಲ. ‘ಇರಬಹುದು’ ಎಂದು ಅದು ಹೇಳಿದ್ದನ್ನು ‘ಹೌದು’ ಎಂದು ಓದಿಕೊಳ್ಳಬೇಡಿ ಎನ್ನುತ್ತಿದ್ದೇನೆ, ಅಷ್ಟೇ.

ಇನ್ನು ಮುಂದೆ ಸಂಖ್ಯೆ ಕಳಿಸುವವರು ಅದರ ವರ್ಗಮೂಲವನ್ನೂ ನೀವು ನಿಲ್ಲಿಸಿದ ಭಾಜಕವನ್ನೂ ಮೊದಲ ಸಾಲಿನಲ್ಲೇ ಬರೆಯಿರಿ. ಎರಡರ ನಡುವೆ ಅಂತರವಿದ್ದರೆ ದಯವಿಟ್ಟು ಕಳಿಸಲೇಬೇಡಿ.