‘ಇದನ್ನ ಈ ಕಡೆ ತಂದ್ರೆ’: ತರಗತಿಯ ಇಂಟರ್‌ಪ್ರಿಟಿಂಗ್ ಬಗ್ಗೆ ನನ್ನ ಟಿಪ್ಪಣಿ

ಡಿಸ್ಲಿ, ಅಂದರೆ ಭಾರತೀಯ ಸಂಜ್ಞಾ ಭಾಷೆಯ ಇಂಟರ್‌ಪ್ರಿಟರ್ ಆಗಲು ಇರುವ, ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ಮಾನ್ಯತೆಯ ಎರಡು ವರ್ಷದ ಡಿಪ್ಲೊಮಾ. ಅದಕ್ಕೆ ಹೊಸದಾಗಿ ಸೇರಿದವರಿಗೆ ಇದನ್ನು ಬರೆಯುತ್ತಿದ್ದೇನೆ. ಸಂಜ್ಞೆಗಳನ್ನು ಕಲಿತರೆ ಮುಕ್ಕಾಲು ಕೆಲಸ ಮುಗಿಯಿತು ಅಂದುಕೊಂಡೇ ನಾನೂ ಬಂದೆ. ಶಾಲೆಯ ಪ್ರಾಕ್ಟಿಕಲ್‌ಗೆ ಹೋದ ಮೇಲೆ ಲೆಕ್ಕ ತಲೆಕೆಳಗಾಯಿತು.

ಎಂಟನೇ ಕ್ಲಾಸಿನ ಬೀಜಗಣಿತ. ಬೋರ್ಡಿನ ಮೇಲೆ ಎಕ್ಸ್ + 7 = 12. ಮೇಷ್ಟ್ರು ನಮಗೆ ಬೆನ್ನು ಹಾಕಿಕೊಂಡೇ ‘ಇದನ್ನ ಈ ಕಡೆ ತಂದ್ರೆ ಇದು ಮೈನಸ್ ಆಗುತ್ತೆ’ ಅನ್ನುತ್ತಾರೆ. ಉಳಿದ ಮಕ್ಕಳ ಕಿವಿ ಮಾತಿನ ಮೇಲೆ, ಕಣ್ಣು ಬೋರ್ಡಿನ ಮೇಲೆ. ಕಿವುಡು ಹುಡುಗಿಗೆ ಎರಡಕ್ಕೂ ಕಣ್ಣೇ ಬೇಕು. ನನ್ನ ಕೈ ನೋಡುತ್ತಾ ಕೂತರೆ ‘ಇದು’ ಯಾವುದು ಅಂತ ತಿಳಿಯುವುದಿಲ್ಲ. ಬೋರ್ಡು ನೋಡಿದರೆ ಮಾತು ಹೋಯಿತು. ತರಗತಿಯ ತರಬೇತಿಯಲ್ಲಿ ಮುಖ್ಯವಾದದ್ದು ಇದೇ ಅಂತ ನನ್ನ ಅಭಿಪ್ರಾಯ: ಆ ಒಂದು ಜೊತೆ ಕಣ್ಣಿಗೆ ಸಮಯ ಹೊಂದಿಸಿಕೊಡುವುದು. ಬೋರ್ಡಿನ ಪಕ್ಕದಲ್ಲೇ ನಿಲ್ಲಬೇಕು, ನಾವೂ ಬೋರ್ಡೂ ಒಂದೇ ನೋಟಕ್ಕೆ ಸಿಗುವ ಹಾಗೆ. ‘ಇದು’ ಅಂದಾಗ 7ನ್ನೇ ತೋರಿಸಿ, ಕೈ ಕೆಳಗಿಳಿಸಿ, ಅವಳ ಕಣ್ಣು ಬೋರ್ಡಿಗೆ ಹೋಗಿ ವಾಪಸ್ ಬರುವವರೆಗೆ ಕಾಯಬೇಕು. ‘ಬರೆದಾದ ಮೇಲೆ ತಿರುಗಿ ಮಾತಾಡಿ ಸರ್’ ಅಂತ ಪಾಠಕ್ಕೆ ಮುಂಚೆಯೇ ಮೇಷ್ಟ್ರಿಗೆ ಹೇಳಿಟ್ಟುಕೊಳ್ಳಿ. ಪಾಠದ ನಡುವೆ ಹೇಳಿದರೆ ಅವರಿಗೂ ಮುಜುಗರ.

ಕಾಯುವುದು ಇನ್ನೊಂದು ಕಾರಣಕ್ಕೂ ಬೇಕು. ಮಾತು ಕೇಳಿ ಅದು ಕೈಗೆ ಬರುವ ನಡುವಿನ ಅಂತರಕ್ಕೆ ನಮ್ಮವರು ಲ್ಯಾಗ್ ಟೈಮ್ ಅನ್ನುತ್ತಾರೆ. ಹೊಸಬರಿಗೆ ಹಿಂದೆ ಬೀಳುವ ಭಯ, ಹಾಗಾಗಿ ಮಾತಿಗೆ ಅಂಟಿಕೊಂಡೇ ಓಡುತ್ತಾರೆ. ಆದರೆ ಅಮೆರಿಕದ ಇಂಟರ್‌ಪ್ರಿಟಿಂಗ್ ಸಂಶೋಧಕ ಡೆನಿಸ್ ಕೋಕ್ಲಿ 1986ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಂತರ ತೀರಾ ಕಡಿಮೆ ಇದ್ದವರೇ ಹೆಚ್ಚು ತಪ್ಪು ಮಾಡಿದ್ದರು. ಕನ್ನಡದಲ್ಲಂತೂ ವಾಕ್ಯದ ಜುಟ್ಟು ಕೊನೆಯಲ್ಲಿರುತ್ತದೆ. ‘ಎಲೆ ಹಸಿರಾಗಿ ಕಾಣೋದು ಅದು ಹಸಿರು ಬೆಳಕನ್ನ ಹೀರಿಕೊಳ್ಳೋದರಿಂದ ಅಲ್ಲ’ ಅನ್ನುವ ಮಾತು ತಗೊಳ್ಳಿ. ‘ಹೀರಿಕೊಳ್ಳೋದರಿಂದ’ ಅನ್ನುವಷ್ಟರಲ್ಲೇ ಕೈ ಆಡಿಸಿ ಮುಗಿಸಿದರೆ ಮಗುವಿಗೆ ತಪ್ಪು ವಿಜ್ಞಾನ ತಲುಪಿಯಾಯಿತು. ಆ ‘ಅಲ್ಲ’ ಬರುವವರೆಗೆ ತಡೆಯಿರಿ. ಒಂದು ಸಮಾಧಾನ, ನಮ್ಮ ಸಂಜ್ಞಾ ಭಾಷೆಯಲ್ಲೂ ‘ಅಲ್ಲ’, ‘ಇಲ್ಲ’ ಅನ್ನುವ ನಿಷೇಧ ಕೊನೆಗೇ ಬರುತ್ತದೆ. ಪ್ರಶ್ನೆಯ ಪದವೂ ಅಷ್ಟೇ: ‘ಯಾರು ಬಂದರು’ ಅನ್ನುವುದು ಅಲ್ಲಿ ‘ಬಂದ, ಯಾರು’ ಆಗುತ್ತದೆ, ಜೊತೆಗೆ ಮುಖದ ಮೇಲೂ ಪ್ರಶ್ನೆ ಇರಬೇಕು. ಕನ್ನಡ ಪದಕ್ಕೊಂದು ಸಂಜ್ಞೆ ಜೋಡಿಸುತ್ತಾ ಹೋದರೆ ಅದು ಕೈಯಲ್ಲಾಡಿದ ಕನ್ನಡ ಅಷ್ಟೇ.

ಪದಗಳ ಕಾಟ ಬೇರೆ. ‘ವರ್ಗ’ ಗಣಿತದಲ್ಲಿ ಒಂದು, ಸಮಾಜ ವಿಜ್ಞಾನದಲ್ಲಿ ಇನ್ನೊಂದು, ಸ್ಟಾಫ್ ರೂಮಿನಲ್ಲಿ ಮೇಷ್ಟ್ರ ಟ್ರಾನ್ಸ್‌ಫರ್. ‘ಕೋಶ’ವೂ ಹಾಗೆಯೇ: ಜೀವಕೋಶ, ವಿದ್ಯುತ್ ಕೋಶ, ಶಬ್ದಕೋಶ. ಶಬ್ದ ಒಂದೇ ಆದರೂ ಸಂಜ್ಞೆ ಅರ್ಥಕ್ಕೆ ತಕ್ಕಂತೆ. 2015ರಲ್ಲಿ ದೆಹಲಿಯಲ್ಲಿ ಶುರುವಾದ ಐಎಸ್‌ಎಲ್‌ಆರ್‌ಟಿಸಿ, ಅಂದರೆ ಭಾರತೀಯ ಸಂಜ್ಞಾ ಭಾಷೆಯ ಸಂಶೋಧನೆ ಮತ್ತು ತರಬೇತಿ ಕೇಂದ್ರ. ಅದರ ಸಂಜ್ಞೆಗಳ ನಿಘಂಟು 2018ರಲ್ಲಿ 3,000 ಪದಗಳಿಂದ ಹೊರಟು 2021ಕ್ಕೆ 10,000 ಮುಟ್ಟಿತು. ಹಿಂದಿನ ದಿನವೇ ಪಾಠ ಓದಿ, ಕಷ್ಟದ ಪದಗಳನ್ನು ಆ ನಿಘಂಟಿನಲ್ಲಿ ಹುಡುಕಿಕೊಳ್ಳಿ. ಸಿಗದಿದ್ದರೆ ಫಿಂಗರ್ ಸ್ಪೆಲ್ಲಿಂಗ್ ಮಾಡಿ (ಬೆರಳಿನಲ್ಲಿ ಒಂದೊಂದೇ ಅಕ್ಷರ ತೋರಿಸಿ), ಪದವನ್ನು ಬರೆದು ತೋರಿಸಿ, ಆ ಪಾಠದ ಮಟ್ಟಿಗೆ ಮಗುವಿನ ಜೊತೆ ಒಂದು ಸಂಜ್ಞೆ ಒಪ್ಪಿಕೊಳ್ಳಿ. ನೀವೇ ಹುಟ್ಟಿಸಿದ ಸಂಜ್ಞೆಯನ್ನು ಊರಿಗೆಲ್ಲ ಹಂಚಬೇಡಿ. ಕಿವುಡ ಹಿರಿಯರನ್ನು ಕೇಳದೆ ಅದು ಭಾಷೆಯಾಗುವುದಿಲ್ಲ.

ಈಗ ನನ್ನ ಎಡವಟ್ಟು. ಒಬ್ಬ ಹುಡುಗ ಕೈ ಎತ್ತಿ ‘ನನಗೆ ಅರ್ಥ ಆಗಲಿಲ್ಲ’ ಅಂತ ಸಂಜ್ಞೆ ಮಾಡಿದ. ನಾನು ‘ಅವನಿಗೆ ಅರ್ಥ ಆಗಿಲ್ಲವಂತೆ ಸರ್’ ಅಂದೆ. ಮೇಷ್ಟ್ರು ನನ್ನ ಕಡೆ ತಿರುಗಿ ‘ಅವನಿಗೆ ನೀವೇ ಇನ್ನೊಂದ್ಸಲ ಹೇಳ್ಬಿಡಿ ಮೇಡಂ’ ಅಂದರು. ನಾನು ಹೇಳಿಯೂ ಬಿಟ್ಟೆ. ಮುಂದಿನ ಅರ್ಧ ಗಂಟೆ ಮೇಷ್ಟ್ರು ಆ ಹುಡುಗನ ಕಡೆ ನೋಡಲೇ ಇಲ್ಲ. ‘ನನಗೆ ಅರ್ಥ ಆಗಲಿಲ್ಲ ಸರ್’ ಅಂತ ಅವನ ಮಾತನ್ನು ಅವನ ಮಾತಾಗಿಯೇ ಆಡಿದ್ದರೆ ಉತ್ತರ ಅವನಿಗೆ ಬರುತ್ತಿತ್ತು. ಸಂಜ್ಞೆಯಿಂದ ಮಾತಿಗೆ ಬರುವ ಈ ವಾಯ್ಸಿಂಗ್ ಅಭ್ಯಾಸವನ್ನು ಎಲ್ಲರೂ ಕಡೆಗಣಿಸುತ್ತಾರೆ, ನಾನೂ ಕಡೆಗಣಿಸಿದ್ದೆ. ತರಗತಿ ಇಂಟರ್‌ಪ್ರಿಟರ್‌ಗಳಿಗೆಂದೇ ಅಮೆರಿಕದಲ್ಲಿರುವ ಈಐಪಿಎ ಪರೀಕ್ಷೆ ಎರಡೂ ದಿಕ್ಕಿನ ಕೆಲಸವನ್ನು 0ಯಿಂದ 5ರವರೆಗೆ ಅಳೆಯುತ್ತದೆ. ಮಕ್ಕಳು ಮಾಡುವ ಸಂಜ್ಞೆಯನ್ನು ಓದಿ ಮಾತಾಗಿಸುವುದೂ ಅದರಲ್ಲಿ ಸೇರಿದೆ.

ಬಟ್ಟೆ ಸಾದಾ, ಕೈ ಎದ್ದು ಕಾಣುವ ಹಾಗೆ ಮೈಬಣ್ಣಕ್ಕಿಂತ ಬೇರೆ ಬಣ್ಣದ್ದು. ಹೊಳೆಯುವ ಬಳೆ ಬೇಡ. ಇಷ್ಟು ಸಾಕು.

ಅಭ್ಯಾಸಕ್ಕೆ ನಾನು ಮಾಡುವುದು: ಯಾರಾದರೂ ಪಾಠ ಮಾಡಿದ ಆಡಿಯೊ ಹಾಕಿಕೊಂಡು, ಗೋಡೆಗೆ ಒಂದು ಬೋರ್ಡು ಒರಗಿಸಿ, ಮೊಬೈಲಿನಲ್ಲಿ ನನ್ನನ್ನೇ ರೆಕಾರ್ಡ್ ಮಾಡಿಕೊಂಡು, ಆಮೇಲೆ ಸದ್ದಿಲ್ಲದೆ ನೋಡುವುದು. ಅದೇ ಬೀಜಗಣಿತದ ಮೊದಲ ವಿಡಿಯೊವನ್ನು ನಮ್ಮ ಕಿವುಡ ಟೀಚರ್‌ಗೆ ತೋರಿಸಿದೆ. ಪೂರ್ತಿ ನೋಡಿ ಅವರು ಕೇಳಿದ್ದು ಒಂದೇ: ‘7 ಎಲ್ಲಿಗೆ ಹೋಯಿತು?’