ಗಾಳಿಗೆ ಬೀಳದ ಮ್ಯೂಸಿಕ್ ಸ್ಟ್ಯಾಂಡ್ ಯಾವುದು?

"ಬಸ್ಸಿನಲ್ಲಿ ಹೊತ್ತುಕೊಂಡು ಹೋಗುವ ಹಾಗಿರಬೇಕು, ವೇದಿಕೆ ಮೇಲೆ ಅಲ್ಲಾಡದೆ ನಿಲ್ಲಲೂಬೇಕು. ಹಾಡಿನ ಪುಸ್ತಕ ಇಟ್ಟುಕೊಳ್ಳಲು ಅಂಥ ಮ್ಯೂಸಿಕ್ ಸ್ಟ್ಯಾಂಡ್ ಸಿಗುತ್ತದಾ?" ಸುಗಮ ಸಂಗೀತ ಹಾಡುವ ಗುಬ್ಬಿಯ ಓದುಗರೊಬ್ಬರು ಕೇಳಿದ್ದಾರೆ. 1884ರಲ್ಲಿ ನಾಟಕ ಕಂಪನಿ ಹುಟ್ಟಿದ ಊರು ಅವರದು. ಹಾರ್ಮೋನಿಯಂ ಮೇಷ್ಟ್ರು ಪೆಟ್ಟಿಗೆಯ ಮೇಲೇ ಪುಸ್ತಕ ಇಟ್ಟುಕೊಳ್ಳಬಹುದು. ನಿಂತು ಹಾಡುವವರಿಗೆ ಆ ಅನುಕೂಲ ಇಲ್ಲ.

ಸಿಗುತ್ತದೆ. ಆದರೆ ಕೊಳ್ಳುವಾಗ ಎಲ್ಲರೂ ಪುಸ್ತಕ ಇಡುವ ತಟ್ಟೆ ನೋಡುತ್ತಾರೆ. ನೀವು ಮೊದಲು ಕಾಲು ನೋಡಿ.

ನನಗೆ ಇದು ಅರ್ಥವಾಗಿದ್ದು ತುಮಕೂರಿನ ಒಂದು ಗಣೇಶನ ಪೆಂಡಾಲಿನಲ್ಲಿ. ಎರಡನೇ ಚರಣಕ್ಕೆ ಬಂದಿದ್ದೆ. ಶಾಮಿಯಾನ ಪಟಪಟ ಅಂದಿತು. ಸ್ಟ್ಯಾಂಡ್ ನನ್ನ ಕಡೆಗೇ ವಾಲಿ ಮೈಕಿಗೆ ಬಡಿಯಿತು, ಹಾಳೆಗಳು ತಬಲಾದವರ ಮಡಿಲಿಗೆ ಹೋದವು. ಮುಂದಿನ ಸಾಲು ಬಾಯಿಗೆ ಬರಲಿಲ್ಲ. ಆ ಸಂಕಟ ಇನ್ನೂ ಮರೆತಿಲ್ಲ. ಮನೆಗೆ ಬಂದು ಅದೇ ಸ್ಟ್ಯಾಂಡನ್ನು ಮತ್ತೆ ಮತ್ತೆ ನಿಲ್ಲಿಸಿ, ತಳ್ಳಿ ನೋಡಿದೆ.

ಮೂರು ಕಾಲಿನ ಸ್ಟ್ಯಾಂಡ್ ಎಲ್ಲ ದಿಕ್ಕಿಗೂ ಒಂದೇ ಸಮ ಗಟ್ಟಿ ಇರುವುದಿಲ್ಲ. ನೆಲದ ಮೇಲೆ ಮೂರು ಕಾಲಿನ ತುದಿ ಸೇರಿಸಿ ಗೆರೆ ಎಳೆಯಿರಿ, ತ್ರಿಕೋನ ಆಗುತ್ತದೆ. ನಡುಗಂಬದಿಂದ ಕಾಲಿನ ತುದಿ 30 ಸೆಂಟಿಮೀಟರ್ ದೂರ ಇದ್ದರೆ, ಎರಡು ಕಾಲಿನ ನಡುವಿನ ಗೆರೆ ಬರೀ 15 ಸೆಂಟಿಮೀಟರ್ ದೂರದಲ್ಲಿರುತ್ತದೆ. ಸ್ಟ್ಯಾಂಡ್ ಮಗುಚುವುದು ಆ ಗೆರೆಯ ಮೇಲೆ. ಕಾಲು ಇರುವ ಕಡೆಗೆ ಬೀಳಿಸಲು ಎಷ್ಟು ಬಲ ಬೇಕೋ, ಸಂದಿನ ಕಡೆಗೆ ಅದರ ಅರ್ಧ ಸಾಕು. ನನ್ನ ಸ್ಟ್ಯಾಂಡಿನ ಸಂದು ಅವತ್ತು ನನ್ನ ಕಡೆಗೇ ಇತ್ತು, ಗಾಳಿ ಎದುರಿನಿಂದ ಬಂತು. ಈಗ ಬಯಲಿನಲ್ಲಿ ಹಾಡುವಾಗ ಗಾಳಿ ಯಾವ ಕಡೆಗೆ ತಳ್ಳುತ್ತದೋ ಆ ಕಡೆಗೇ ಒಂದು ಕಾಲು ಚಾಚಿ ನಿಲ್ಲಿಸುತ್ತೇನೆ.

ಕಾಲನ್ನು ಪೂರ್ತಿ ಅಗಲಿಸುವುದೂ ಅಷ್ಟೇ ಮುಖ್ಯ. ಕಾಲನ್ನು ಕಂಬಕ್ಕೆ ಸೇರಿಸುವ ಅಡ್ಡಪಟ್ಟಿಗಳು ಹೆಚ್ಚುಕಮ್ಮಿ ನೆಲಕ್ಕೆ ಸಮವಾಗಿ ಮಲಗಬೇಕು. ಆದರೆ ನಡುಗಂಬದ ಬುಡ ನೆಲ ಮುಟ್ಟಬಾರದು. ಮುಟ್ಟಿದರೆ ಭಾರವೆಲ್ಲ ಕಂಬದ ಮೇಲೆ ಕೂತು ಕಾಲು ಸ್ವಲ್ಪ ಮೇಲೇಳುತ್ತದೆ, ಸ್ಟ್ಯಾಂಡ್ ಓಲಾಡುತ್ತದೆ. ಬುಡದ ಕೆಳಗೆ ಒಂದು ಬೆರಳು ತೂರುವಷ್ಟು ಜಾಗ ಇದ್ದರೆ ಸರಿ.

ಅಂಗಡಿಗೆ ಹೋಗುವಾಗ ನಿಮ್ಮ ದಪ್ಪನೆಯ ಹಾಡಿನ ಪುಸ್ತಕ ತಗೊಂಡು ಹೋಗಿ. ಸ್ಟ್ಯಾಂಡನ್ನು ನೀವು ನಿಂತು ಓದುವ ಎತ್ತರಕ್ಕೆ ಏರಿಸಿ, ಪುಸ್ತಕ ಇಟ್ಟು, ತಟ್ಟೆಯ ಒಂದು ಮೂಲೆಯನ್ನು ಬೆರಳಿನಿಂದ ಒತ್ತಿ. ಕಂಬ ಜಾರಿ ಇಳಿದರೆ, ತಟ್ಟೆ ತಲೆ ಬಾಗಿಸಿದರೆ ಅದು ಬೇಡ. ಸ್ಕ್ರೂ ಕಚ್ಚುವ ಜಾಗ ನೋಡಿ. ಅಲ್ಲಿ ಬರೀ ಪ್ಲಾಸ್ಟಿಕ್ ಇದ್ದರೆ ದಿನಾ ಬಿಗಿದು ಬಿಗಿದು ಒಂದು ದಿನ ಸೀಳುತ್ತದೆ. ಲೋಹ ಇದ್ದರೆ ಬಾಳಿಕೆ ಬರುತ್ತದೆ. ಕಾಲಿನ ರಬ್ಬರ್ ಟೋಪಿ ಕೈಯಲ್ಲಿ ಎಳೆದರೆ ಬರಬಾರದು. ಅದು ಕಳೆದುಹೋದರೆ ಗ್ರಾನೈಟ್ ನೆಲದ ಮೇಲೆ ಸ್ಟ್ಯಾಂಡ್ ಜಾರುತ್ತದೆ.

ತಟ್ಟೆಯ ವಿಷಯ ಬೇಗ ಮುಗಿಯುತ್ತದೆ. ಎರಡು ಎ4 ಹಾಳೆ ಪಕ್ಕಪಕ್ಕ ಇಟ್ಟರೆ 42 ಸೆಂಟಿಮೀಟರ್, ಅಷ್ಟು ಅಗಲ ಇರಲಿ. ತಂತಿಯ ತಟ್ಟೆ ಹಗುರ, ಛತ್ರಿಯ ಹಾಗೆ ಮಡಚಬಹುದು, ಆದರೆ ಬಿಡಿ ಹಾಳೆ ಅದರ ಮೇಲೆ ಬಾಗಿ ಬೀಳುತ್ತದೆ. ಹಿಂದೆ ಒಂದು ರಟ್ಟು ಇಡಬೇಕು. ತಗಡಿನ ಗಟ್ಟಿ ತಟ್ಟೆಯಲ್ಲಿ ಓದುವುದು ಸುಖ, ಆದರೆ ಅದು ಗಾಳಿಯನ್ನು ಮೊರದ ಹಾಗೆ ಹಿಡಿಯುತ್ತದೆ. ನಿಮ್ಮ ಓಡಾಟಕ್ಕೆ ನಾನು ಹೇಳುವುದು, ತೂತುಗಳಿರುವ ತಗಡಿನ ತಟ್ಟೆ, ಕಂಬದಿಂದ ಬಿಡಿಸಿ ಬ್ಯಾಗಿಗೆ ಹಾಕುವಂಥದ್ದು. ತಂತಿಯದಕ್ಕಿಂತ ಭಾರ ಜಾಸ್ತಿ, ನಿಜ. ಗುಬ್ಬಿಯಿಂದ ತುಮಕೂರಿಗೆ ಹೆಗಲ ಮೇಲೆ ಆ ಭಾರ ಹೊರುವುದು ಕಷ್ಟವಲ್ಲ. ಆರ್ಕೆಸ್ಟ್ರಾಗಳಲ್ಲಿ ಕಾಣುವ, ಅಮೆರಿಕದ ಮ್ಯಾನ್‌ಹ್ಯಾಸೆಟ್‌ನಂಥ ದೊಡ್ಡ ಸ್ಟ್ಯಾಂಡ್ ಇನ್ನೂ ಗಟ್ಟಿ. ಅದು ಒಂದೇ ಕಡೆ ಇಟ್ಟು ಅಭ್ಯಾಸ ಮಾಡುವವರಿಗೆ ಸರಿ.

ಈಗಾಗಲೇ ಹಗುರ ಸ್ಟ್ಯಾಂಡ್ ಕೊಂಡಿದ್ದರೆ ಎಸೆಯಬೇಡಿ. ಒಂದು ಲೀಟರ್ ನೀರಿನ ಬಾಟಲಿ ತುಂಬಿಸಿ, ಕಾಲುಗಳು ಕೂಡುವ ಕಡೆ ದಾರ ಕಟ್ಟಿ ನೇತುಹಾಕಿ. ಒಂದು ಕಿಲೋ ಭಾರ ಬುಡಕ್ಕೆ ಸೇರಿತು. ಬಾಟಲಿ ತೂಗಾಡದ ಹಾಗೆ ಗಿಡ್ಡಕ್ಕೆ ಕಟ್ಟಿ. ಹಾಳೆಗೆ ಬಟ್ಟೆ ಒಣಗಿಸುವ ಕ್ಲಿಪ್ ಎರಡು ಸಾಕು.

ಕೊನೆಗೆ, ನೆಲದ ಮೇಲೆ ಕೂತು ಹಾಡುವವರಿಗೆ. ನಿಂತವರ ಸ್ಟ್ಯಾಂಡನ್ನು ಎಷ್ಟು ಇಳಿಸಿದರೂ ಸಾಮಾನ್ಯವಾಗಿ ನಿಮಗೆ ಎತ್ತರವೇ ಆಗುತ್ತದೆ, ಕತ್ತು ಎತ್ತಿ ಹಾಡಬೇಕಾಗುತ್ತದೆ. ಸುಮ್ನೆ ದುಡ್ಡು ಹಾಕಬೇಡಿ, ಮರದ ವ್ಯಾಸಪೀಠ ತಗೊಳ್ಳಿ. ಬಿಚ್ಚಿದರೆ ಕತ್ತರಿಯ ಹಾಗೆ ನಿಲ್ಲುತ್ತದೆ, ಮಡಚಿದರೆ ಒಂದು ಹಲಗೆ. ಸ್ಕ್ರೂ ಇಲ್ಲ, ಕಂಬ ಇಲ್ಲ. ಗಮಕಿಗಳು ಕಾವ್ಯ ಇಟ್ಟು ಓದುವುದು ಇದರ ಮೇಲೇ ಅಲ್ವಾ?